ಹುಲಿಗೆಮ್ಮನ ಕೈಮಾತು

ಮಗಳು ಕೈಯಲ್ಲಿ ಮಾತಾಡುವುದನ್ನು ಬಿಟ್ಟುಬಿಟ್ಟಿದ್ದಾಳೆ ಎಂಬುದು ಹೊನ್ನೂರಸ್ವಾಮಿಗೆ ಹೊಳೆದದ್ದು ಒಂದು ದಿನ ಊಟಕ್ಕೆ ಕೂತಾಗ.

ಅವನು ಎಂದಿನಂತೆ ಬೆರಳುಗಳನ್ನು ಅಗಲಿಸಿ, ಅಂಗೈಯನ್ನು ತಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದ. ‘ಇನ್ನೊಂದು ರೊಟ್ಟಿ ಹಾಕಲಾ’ ಎಂದು ಅದರ ಅರ್ಥ. ಪಂಪಾವತಿ ತಲೆಯೆತ್ತಿ ನೋಡಿದಳು. ಅವಳ ಎಡಗೈ ತೊಡೆಯ ಮೇಲೆ ಇದ್ದದ್ದು ಇದ್ದಂತೆಯೇ ಇತ್ತು.

“ಬ್ಯಾಡಪ್ಪ, ಸಾಕು.”

ಹುಡುಗಿಯೊಬ್ಬಳು ಬಾಯಿ ತೆರೆದು ಉತ್ತರ ಕೊಟ್ಟರೆ ಬೇರೆ ಯಾವ ಮನೆಯಲ್ಲೂ ಅದು ವಿಶೇಷವಲ್ಲ. ಪಂಪಾವತಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಮಾತಂತೂ ಅರಳು ಹುರಿದಂತೆ. ಹೊನ್ನೂರಸ್ವಾಮಿಗೂ ಕಿವಿ, ನಾಲಿಗೆ ಎರಡೂ ನೆಟ್ಟಗಿದ್ದವು. ಮನೆಯಲ್ಲಿ ಉಳಿದಿದ್ದವರು ಇವರಿಬ್ಬರೇ. ಕೈಮಾತು ಬೇಕಾಗಿದ್ದವಳು ಹುಲಿಗೆಮ್ಮ. ಅವಳು ಜ್ವರ ಬಂದು ತೀರಿಹೋಗಿ ಎರಡು ವರ್ಷವಾಗುತ್ತ ಬಂದಿತ್ತು.

ಹುಲಿಗೆಮ್ಮನಿಗೆ ಹುಟ್ಟಿನಿಂದಲೂ ಕಿವಿ ಕೇಳಿಸುತ್ತಿರಲಿಲ್ಲ. ಸಂಡೂರಿನ ಆಚೆಯ ಹಳ್ಳಿಯವಳು. ಕಿವುಡ ಮಕ್ಕಳ ಶಾಲೆಯನ್ನು ಕಂಡವಳಲ್ಲ, ಅಲ್ಲಿ ಕಲಿಸುವ ಸಂಜ್ಞೆಗಳೂ ಅವಳಿಗೆ ಗೊತ್ತಿರಲಿಲ್ಲ. ತನಗೆ ಬೇಕಾದ ಮಾತನ್ನೆಲ್ಲ ತಾನೇ ಕಟ್ಟಿಕೊಂಡಿದ್ದಳು. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿಗೆ ಹೊಲಿಗೆ ಕೆಲಸಕ್ಕೆ ಬಂದಾಗ ಹೊನ್ನೂರಸ್ವಾಮಿ ಅಲ್ಲಿ ಕಟಿಂಗ್ ಮಾಸ್ಟರ್. ಸಾಲು ಸಾಲು ಮಷಿನ್‌ಗಳು ಒಟ್ಟಿಗೆ ಓಡುವ ಆ ಹಾಲ್‌ನಲ್ಲಿ ಕಿವಿ ಇದ್ದವರೂ ಕಿವುಡರೇ. ಒಂದು ದಾರದುಂಡೆ ಬೇಕೆಂದರೂ ಗಂಟಲು ಹರಿದುಕೊಳ್ಳಬೇಕು. ಹುಲಿಗೆಮ್ಮ ಮಾತ್ರ ಹಾಲ್‌ನ ಆ ತುದಿಯಲ್ಲಿ ಕೂತು ಈ ತುದಿಯವರ ಜೊತೆ ನಿರಾಳವಾಗಿ ಹರಟುತ್ತಿದ್ದಳು. ಕಚ್ಚಾ ಹೊಲಿಗೆಯ ದಾರವನ್ನು ಎರಡು ಬೆರಳಲ್ಲಿ ಸರ್ರನೆ ಎಳೆದಂತೆ ಮಾಡಿದರೆ ‘ಸುಳ್ಳು’. ಇಸ್ತ್ರಿ ಮಾಡಿದ ಬಟ್ಟೆಯನ್ನು ಸವರಿದಂತೆ ಎದೆಯ ಮೇಲೆ ಕೈ ಆಡಿಸಿದರೆ ‘ಇಷ್ಟ’. ನೀಲಿ ಬಟ್ಟೆಯ ಬಣ್ಣ ಹತ್ತಿದ ಆ ಬೆರಳುಗಳನ್ನು ನೋಡುತ್ತಾ ನಿಂತು ಹೊನ್ನೂರಸ್ವಾಮಿ ಎಷ್ಟೋ ಸಲ ಕತ್ತರಿಸುವ ಗೆರೆ ತಪ್ಪಿದ್ದ. ಕೊನೆಗೆ ಅವಳೇ ಒಂದು ದಿನ ಎದುರಿಗೆ ಬಂದು ನಿಂತು, ಎದೆಯನ್ನು ಸವರಿಕೊಂಡು, ‘ಹೌದೋ ಅಲ್ಲವೋ ಹೇಳಿಬಿಡು’ ಎಂದು ಹುಬ್ಬು ಹಾರಿಸಿ ಕೇಳಿದ್ದಳು.

ಪಂಪಾವತಿ ತೊಟ್ಟಿಲಲ್ಲಿದ್ದಾಗಲೇ ಆ ಮಾತು ಕಲಿತಳು. ಬಾಯಿಗೆ ‘ಅವ್ವ’ ಬರುವ ಮೊದಲೇ ಕೈ ಅವ್ವನನ್ನು ಕರೆಯುತ್ತಿತ್ತು. ಹುಲಿಗೆಮ್ಮ ಹೋದ ಮೇಲೂ ಅಪ್ಪ ಮಗಳು ಅದನ್ನು ಬಿಡಲಿಲ್ಲ. ಬಿಡಬಾರದೆಂದು ಮಾತಾಡಿಕೊಂಡದ್ದೇನೂ ಇಲ್ಲ. ಸಂಜೆ ಮನೆಯಲ್ಲಿ ಇಬ್ಬರೂ ಬಾಯಿ ಮುಚ್ಚಿ ಕೈಯಲ್ಲೇ ಮಾತಾಡುತ್ತಾ ಒಲೆಯ ಮುಂದೆ ಕೂತರೆ, ಹುಲಿಗೆಮ್ಮ ಎಲ್ಲೂ ಹೋಗಿಲ್ಲ, ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಳೆ, ಇನ್ನೇನು ಒಳಗೆ ಬರುತ್ತಾಳೆ ಅನ್ನಿಸುತ್ತಿತ್ತು. ಆ ಒಂದು ಅನ್ನಿಸಿಕೆಯನ್ನು ಹಿಡಿದುಕೊಂಡೇ ಹೊನ್ನೂರಸ್ವಾಮಿ ದಿನಗಳನ್ನು ದೂಡುತ್ತಿದ್ದ.

ಶಾಲೆಗೆ ಕೈಪಟ್ಟಿ ಬಂದದ್ದು ಆ ವರ್ಷದ ಮಳೆಗಾಲದಲ್ಲಿ.

ನೋಡಲು ಅದು ಪೈಲ್ವಾನರು ತೋಳಿಗೆ ಕಟ್ಟಿಕೊಳ್ಳುವ ಪಟ್ಟಿಯ ಹಾಗೆಯೇ. ತೆಳ್ಳಗೆ, ಬೂದು ಬಣ್ಣ, ಎರಡೂ ಮುಂಗೈಗೆ ಒಂದೊಂದು. ನಾವು ಬೆರಳು ಆಡಿಸಬೇಕೆಂದಾಗ ಮಿದುಳಿನಿಂದ ಒಂದು ಸಣ್ಣ ವಿದ್ಯುತ್ ಸಂದೇಶ ಹೊರಟು ಮುಂಗೈಯ ಸ್ನಾಯುಗಳಿಗೆ ಇಳಿದು ಬರುತ್ತದೆ. ಬೆರಳು ಅಲ್ಲಾಡುವುದು ಅದರ ನಂತರ. ಪಟ್ಟಿ ಆ ಸಂದೇಶವನ್ನು ಚರ್ಮದ ಮೇಲಿನಿಂದಲೇ ಕದ್ದು ಕೇಳಿಸಿಕೊಳ್ಳುತ್ತದೆ. ಹೀಗಾಗಿ ಕೀಲಿಮಣೆ ಬೇಡ, ಪೆನ್ನೂ ಬೇಡ. ಗಾಳಿಯಲ್ಲಿ ಬೆರಳಿನಿಂದ ಬರೆದರೆ ಮೇಜಿನ ಗಾಜಿನ ಮೇಲೆ ಅಕ್ಷರ ಮೂಡುತ್ತದೆ. ಮುಷ್ಟಿ ಬಿಚ್ಚಿದರೆ ಗೋಡೆಯ ಮೇಲೆ ಭೂಗೋಳ ಅರಳುತ್ತದೆ, ಚಿಟಿಕೆ ಹೊಡೆದರೆ ಅದರ ಹೊರಪದರ ಕಳಚಿಕೊಂಡು ಒಳಗಿನ ಕುದಿಯುವ ಶಿಲಾರಸ ಕಾಣುತ್ತದೆ. ಪುಸ್ತಕದಲ್ಲಿ ಗೆರೆಗಳಾಗಿ ಬಿದ್ದುಕೊಂಡಿದ್ದ ಕಪ್ಪೆಯ ಹೃದಯ ಮಕ್ಕಳ ಕಣ್ಣೆದುರೇ ಲಬ್ ಡಬ್ ಎಂದು ಬಡಿಯತೊಡಗಿತು. ಪಂಪಾವತಿಗೆ ಹಬ್ಬ. ಮನೆಗೆ ಬಂದವಳು ಬಾಯಲ್ಲೂ ಕೈಯಲ್ಲೂ ಒಟ್ಟಿಗೆ ಹೇಳುತ್ತಿದ್ದಳು. “ಅಪ್ಪ, ಕಪ್ಪೀಗೆ ಹೃದಯದಾಗ ಮೂರೇ ಕೋಣಿ ಅಂತ! ನಮಗೆ ನಾಕು!”

ತೊಂದರೆ ಶುರುವಾದದ್ದು ಆ ಕೈಯಿಂದಲೇ. ಪಟ್ಟಿಗೆ ತಿಳಿಯುತ್ತಿದ್ದದ್ದು ಅದಕ್ಕೆ ಕಲಿಸಿಕೊಟ್ಟ ಕೆಲವೇ ಸಂಜ್ಞೆಗಳು. ಉಳಿದ ಮಕ್ಕಳಿಗೆ ಅದು ಸಾಕಿತ್ತು. ಪಂಪಾವತಿಯ ಕೈಯೋ ಸುಮ್ಮನಿರುವ ಕೈಯಲ್ಲ. ಒಮ್ಮೆ ಪಕ್ಕದವಳಿಗೆ ನಾಯಿ ಅಟ್ಟಿಸಿಕೊಂಡು ಬಂದ ಕಥೆ ಹೇಳುತ್ತಿದ್ದಳು. ಗೋಡೆಯ ಮೇಲಿದ್ದ ಭೂಗೋಳ ಬುಗುರಿಯಂತೆ ತಿರುಗಿತು, ಸಮುದ್ರಗಳು ಮಾಯವಾದವು, ಏಷ್ಯಾದ ನೆತ್ತಿಯ ಮೇಲೆ ಯಾರದೋ ಭಾಗಾಕಾರದ ಲೆಕ್ಕ ಬಂದು ಕೂತಿತು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ದಿನಾ ಹೀಗೇ ಆದಾಗ ನಗು ನಿಂತಿತು. ಬೇರೆ ಶಾಲೆಗಳಲ್ಲೂ ಕೈ ಕುಣಿಸುವ ಮಕ್ಕಳಿದ್ದರಲ್ಲ, ಅಲ್ಲಿಂದಲೂ ದೂರು ಹೋಗಿತ್ತು. ದಸರೆ ರಜೆ ಮುಗಿಸಿ ಮಕ್ಕಳು ಬರುವಷ್ಟರಲ್ಲಿ ಎಲ್ಲ ಪಟ್ಟಿಗಳಿಗೂ ಹೊಸದೊಂದು ಗುಣ ಬಂದಿತ್ತು. ಅದರ ಹೆಸರು ‘ಶಾಂತಹಸ್ತ’. ಬೇಡದ ಸಂಜ್ಞೆ ಮಾಡಿದರೆ ಪಟ್ಟಿ ಮುಂಗೈಯನ್ನು ಜುಂ ಎಂದು ಮೆಲ್ಲಗೆ ನಡುಗಿಸುತ್ತದೆ. ನೋವಿಲ್ಲ, ಕಚಗುಳಿ ಇಟ್ಟಂತೆ ಅಷ್ಟೆ. ಕೈ ತೆಪ್ಪಗಿದ್ದರೆ ಮೇಜಿನ ಗಾಜಿನ ಮೇಲೆ ಒಂದು ನಕ್ಷತ್ರ ಮಿನುಗುತ್ತದೆ. ಮನೆಪಾಠಕ್ಕೆಂದು ಪಟ್ಟಿ ಮನೆಗೂ ಬರುತ್ತಿತ್ತು.

ಓಣಿಯ ತಾಯಂದಿರಿಗೆ ಖುಷಿಯೇ ಆಯಿತು. ಹುಡುಗರು ಅನ್ನ ಚೆಲ್ಲುವುದು, ಗೋಡೆ ಕೆರೆಯುವುದು, ತಂಗಿಯ ಜಡೆ ಎಳೆಯುವುದು ಕಡಿಮೆಯಾಗಿತ್ತು. ಬೆಳಿಗ್ಗೆ ಶಾಲೆಯ ಬಸ್ಸು ಹೊರಡುವಾಗ ಮಕ್ಕಳು ಕಿಟಕಿಯಿಂದ ‘ಟಾಟಾ’ ಎಂದು ಕೂಗುತ್ತಿದ್ದರು, ಕೈ ಮಾತ್ರ ಯಾರೂ ಬೀಸುತ್ತಿರಲಿಲ್ಲ. ಅದನ್ನು ಹೊನ್ನೂರಸ್ವಾಮಿಯೂ ದಿನಾ ನೋಡಿದ್ದ. ನೋಡಿದ್ದರ ಅರ್ಥ ಆದದ್ದು ಆ ಊಟದ ಹೊತ್ತಿನಲ್ಲಿ.

“ಪಟ್ಟಿ ತಗದಿಡು ಪಂಪಿ,” ಅಂದ.

“ತಗದೇ ಇಟ್ಟೀನಪ್ಪ. ಅಲ್ಲಿ ನೋಡು, ಕಪಾಟಿನ ಮ್ಯಾಲೆ ಐತಿ.”

ನಿಜವಾಗಿಯೂ ಅದು ಕಪಾಟಿನ ಮೇಲಿತ್ತು. ಹುಡುಗಿಯ ಮುಂಗೈ ಬರಿದಾಗಿತ್ತು.

“ಮತ್ತ ಕೈಯಾಗ ಮಾತಾಡು.”

ಪಂಪಾವತಿ ಕೈಯೆತ್ತಿದಳು. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಬೆಚ್ಚಿದವಳಂತೆ ಕೆಳಗಿಳಿಸಿ, ಇನ್ನೊಂದು ಕೈಯಿಂದ ಮುಂಗೈ ಉಜ್ಜಿಕೊಂಡಳು.

“ಜುಂ ಅಂತೈತಿ ಅಪ್ಪ. ಪಟ್ಟಿ ಇಲ್ದಿದ್ರೂ ಅಂತೈತಿ.”

ಹೊನ್ನೂರಸ್ವಾಮಿ ಅವಳ ಮುಂಗೈ ಹಿಡಿದು ನೋಡಿದ. ಏನೂ ಇರಲಿಲ್ಲ. ತಣ್ಣಗೆ, ನುಣ್ಣಗೆ, ಒಂಬತ್ತು ವರ್ಷದ ಹುಡುಗಿಯ ಕೈ.

ಮರುದಿನ ಅವಳನ್ನು ಶಾಲೆಗೆ ಕಳಿಸಲಿಲ್ಲ. ಆ ಪಟ್ಟಿಯೂ ಬೇಡ, ಆ ಶಾಲೆಯೂ ಬೇಡ ಎಂದು ಯೂನಿಟ್ಟಿಗೆ ರಜೆ ಹಾಕಿ ಹಟ ಹಿಡಿದು ಕೂತ. ಪಂಪಾವತಿ ಮೊದಲು ಸುಮ್ಮನಿದ್ದಳು. ಮಧ್ಯಾಹ್ನದ ಹೊತ್ತಿಗೆ ಅಳು ಬಂತು. “ಇವತ್ತು ಕಣ್ಣಿನ ಪಾಠ ಐತಪ್ಪ. ಕಣ್ಣಿನ ಒಳಗ ಹೋಗೋದು ತೋರಸ್ತಾರ. ಎಲ್ಲಾರೂ ನೋಡಿರ್ತಾರ, ನಾನೊಬ್ಬಾಕಿ ನೋಡಿರಂಗಿಲ್ಲ.” ಅಳುವಾಗಲೂ ಅವಳ ಕೈಗಳು ಮಡಿಲಲ್ಲಿ ಮಲಗಿದ್ದವು. ಮೊದಲಾಗಿದ್ದರೆ ಬಾಯಿಗಿಂತ ಮುಂಚೆ ಕೈ ಜಗಳಕ್ಕೆ ಬರುತ್ತಿತ್ತು. ಮಗಳ ಓದನ್ನು ಕಿತ್ತುಕೊಂಡರೆ ಹುಲಿಗೆಮ್ಮ ತನ್ನನ್ನು ಸುಮ್ಮನೆ ಬಿಡುತ್ತಿದ್ದಳೇ ಎಂದು ಅವನಿಗೆ ಅನ್ನಿಸಿತು. ಪಂಪಾವತಿಯ ಮುಖ ತೊಳೆಸಿ, ತಾನೇ ಕರೆದುಕೊಂಡು ಶಾಲೆಗೆ ಹೊರಟ.

ಕ್ಲಾಸಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಮಕ್ಕಳೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕೈಗಳು ಮೇಜಿನ ಮೇಲೆ. ಬೆರಳ ತುದಿಗಳಷ್ಟೇ ಆಗಾಗ ಮಿಸುಕುತ್ತಿದ್ದವು. ಗೋಡೆಯ ತುಂಬ ಒಂದು ದೊಡ್ಡ ಕಣ್ಣು, ಅದರ ಪಾಪೆಯೊಳಗೆ ದಾರಿ ತೆರೆದುಕೊಂಡು ಬೆಳಕು ಒಳಗೆ ಹೋಗುತ್ತಿತ್ತು. ಅವನಿಗೇ ನೋಡಬೇಕು ಅನ್ನಿಸುವಂತಿತ್ತು. ಪಂಪಾವತಿ ಓಡಿಹೋಗಿ ತನ್ನ ಜಾಗದಲ್ಲಿ ಕೂತು ಪಟ್ಟಿ ಕಟ್ಟಿಕೊಂಡಳು, ಕೈಗಳನ್ನು ಮೇಜಿನ ಮೇಲೆ ಇಟ್ಟಳು.

ಸುಭದ್ರಾ ಟೀಚರ್ ಹೊರಗೆ ಬಂದರು. ಹೊನ್ನೂರಸ್ವಾಮಿಗೆ ಜಗಳವಾಡುವ ಮನಸ್ಸಿತ್ತು, ಅವರ ದಣಿದ ಮುಖ ನೋಡಿ ಅದು ಅರ್ಧಕ್ಕೆ ಇಳಿಯಿತು.

“ನಿಮ್ಮ ಹುಡುಗಿ ಈಗ ಭಾಳ ಸುಧಾರಿಸ್ಯಾಳ್ರಿ,” ಅಂದರು. “ಮೊದಲು ಪಾಪ, ದಿನಾ ಬೈಸ್ಕೊಂತಿದ್ಲು. ಈಗ ಕ್ಲಾಸಿಗೇ ಮುಂದೆ.”

“ಮನ್ಯಾಗ ಮಾತು ಬಿಟ್ಟಾಳ್ರಿ ಮೇಡಂ.”

“ಮಾತು ಬಿಟ್ಟಾಳಾ? ಇಲ್ಲಿ ಚೊಲೋ ಮಾತಾಡ್ತಾಳಲ್ಲ!”

“ಬಾಯಿಮಾತಲ್ರಿ. ಅವರವ್ವನ ಮಾತು.”

ಟೀಚರ್‌ಗೆ ಹುಲಿಗೆಮ್ಮನ ವಿಷಯ ಗೊತ್ತಿರಲಿಲ್ಲ, ಅವರು ಈ ಶಾಲೆಗೆ ಬಂದದ್ದೇ ಅವಳು ತೀರಿಹೋದ ಮೇಲೆ. ಹೊನ್ನೂರಸ್ವಾಮಿ ಹೇಳುತ್ತಾ ಹೋದ. ಅವರು ಕೇಳುತ್ತಾ ಕೇಳುತ್ತಾ ಕಂಬಕ್ಕೆ ಒರಗಿ ನಿಂತರು. ಕೊನೆಗೆ, “ನಾನು ಅದನ್ನ ಚೇಷ್ಟೆ ಅಂದ್ಕೊಂಡಿದ್ನಲ್ರಿ,” ಅಂದರು. ಆಮೇಲೆ, “ಪಟ್ಟಿ ತಗ್ಸೋ ಅಧಿಕಾರ ನನಗಿಲ್ಲ. ಆದ್ರ ಪಟ್ಟಿ ನೋಡ್ಕೊಳ್ಳೋ ಕೇಂದ್ರದಾಗ ತಸ್ಲೀಮಾ ಅಂತ ಒಬ್ಬಾಕಿ ಅದಾಳ. ನಾನು ಫೋನ್ ಮಾಡ್ತೀನಿ, ನೀವು ಹೋಗಿ ಕಾಣ್ರಿ,” ಅಂದರು.

ಕೇಂದ್ರವಿದ್ದದ್ದು ಕಂಟೋನ್ಮೆಂಟ್ ಕಡೆಯ ಒಂದು ಹಳೆಯ ಕಟ್ಟಡದ ಮೇಲ್ಮಹಡಿಯಲ್ಲಿ. ಒಳಗೆ ಕಾಲಿಟ್ಟರೆ ತಣ್ಣನೆಯ ಗಾಳಿ, ಒಂದು ಇಡೀ ಗೋಡೆಯ ತುಂಬ ಮಿಣಮಿಣ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಜಿಲ್ಲೆಯ ಯಾವುದೋ ಕ್ಲಾಸಿನಲ್ಲಿ ಕೂತ ಒಂದು ಮಗು. ತಸ್ಲೀಮಾ ಸಿರುಗುಪ್ಪದವಳು, ಮೂವತ್ತರ ಆಸುಪಾಸು. ಅವನನ್ನು ಕಂಡವಳೇ ಎದ್ದು ಬಂದಳು.

“ಪಂಪಾವತಿ ಅಪ್ಪಾರಾ? ಬರ್ರಿ ಅಣ್ಣ. ನಿಮ್ಮ ಹುಡುಗಿ ಮುಖ ನಾನು ನೋಡಿಲ್ಲ, ಕೈ ಮಾತ್ರ ನನಗೆ ಚೆನ್ನಾಗಿ ಗೊತ್ತು.”

“ಅಂದ್ರ?”

“ಪಟ್ಟಿಗೆ ತಿಳೀದೇ ಇರೋ ಸಂಜ್ಞೆಗಳನ್ನ ನಾವು ಗದ್ದಲ ಅಂತ ಬೇರೆ ತೆಗೆದಿಡ್ತೀವಿ. ಎಲ್ಲಾ ಮಕ್ಕಳದೂ ಒಂದಿಷ್ಟು ಇರ್ತದ, ಮೂಗು ಕೆರೆಯೋದು, ಬೆರಳು ಲಟಿಗೆ ಮುರಿಯೋದು. ಈ ಹುಡುಗೀದು ಹಂಗಲ್ಲ. ಅದೇ ಸಂಜ್ಞೆ ಮತ್ತ ಮತ್ತ ಬರ್ತಿದ್ವು, ಒಂದರ ಹಿಂದ ಒಂದು, ಸಾಲಾಗಿ. ನನಗೆ ಅವಾಗಲೇ ಅನುಮಾನ ಬಂದಿತ್ತು, ಇದು ಬರೀ ಗದ್ದಲ ಅಲ್ಲ ಅಂತ. ಕೇಳೋಕೆ ಪುರುಸೊತ್ತಾಗಲಿಲ್ಲ. ಅಷ್ಟರಾಗ ಶಾಂತಹಸ್ತ ಬಂತು, ಅವು ನಿಂತೇಹೋದ್ವು.” ಅವಳು ಕುರ್ಚಿ ಎಳೆದುಕೊಟ್ಟಳು. “ತೋರಿಸ್ಲಾ?”

ಪರದೆಯ ಮೇಲೆ ಒಂದು ಕೈ ಮೂಡಿತು. ಚರ್ಮವಿಲ್ಲ, ಬಳೆಯಿಲ್ಲ, ಹಸಿರು ಬೆಳಕಿನ ಗೆರೆಗಳಲ್ಲಿ ಬರೆದ ಬರೀ ಕೈ. ಸ್ನಾಯುಗಳ ಮಿಡಿತದಿಂದ, ಪಟ್ಟಿ ಸರಿದಾಡಿದ ರೀತಿಯಿಂದ ಕೈಬೆರಳುಗಳು ಹೇಗೆ ಆಡಿರಬೇಕೆಂದು ಯಂತ್ರವೇ ಲೆಕ್ಕ ಹಾಕಿ ಬರೆದದ್ದು. ಕೈ ಮೇಲೆದ್ದು ಹೊಟ್ಟೆಯ ಮಟ್ಟದಲ್ಲಿ ಒಂದು ಸುತ್ತು ಸುತ್ತಿತು.

ಹೊನ್ನೂರಸ್ವಾಮಿ ಕುರ್ಚಿಯ ತುದಿಗೆ ಬಂದ. “ಹಸಿವಾಗೈತಿ ಅನ್ನಾಕತ್ಯಾಳ.”

ಕೈ ಭುಜದಿಂದ ಕೆಳಗೆ ನೆರಿಗೆ ಹಿಡಿದಂತೆ ಇಳಿಯಿತು, ಆಮೇಲೆ ಎದೆಯನ್ನು ಸವರಿತು.

“ಟೀಚರ್ ಸೀರಿ ಚೊಲೋ ಐತಂತ.” ಅವನು ನಗತೊಡಗಿದ. ಕೈ ದಾರ ಎಳೆದಂತೆ ಮಾಡಿತು. “ಸುಳ್ಳು ಅನ್ನಾಕತ್ಯಾಳ. ಪಕ್ಕದಾಕಿ ಏನೋ ಬುರುಡಿ ಬಿಟ್ಟಿರಬೇಕು.” ಎಷ್ಟೋ ದಿನಗಳ ಮೇಲೆ ಮಗಳು ಹರಟುವುದನ್ನು ನೋಡುತ್ತಿದ್ದ. ನಗುತ್ತಾ ನಗುತ್ತಾ ಅವನ ಕಣ್ಣು ಆ ಕೈಯ ಕಿರುಬೆರಳಿನ ಮೇಲೆ ನಿಂತಿತು. ಉಳಿದ ಬೆರಳುಗಳೆಲ್ಲ ಮಡಚಿಕೊಂಡಾಗಲೂ ಅದೊಂದು ಬೆರಳು ಮಡಚದೆ ಸೆಟೆದು ನಿಂತಿತ್ತು.

ಪಂಪಾವತಿ ಹುಟ್ಟುವ ಮೊದಲೇ ಹುಲಿಗೆಮ್ಮನ ಕಿರುಬೆರಳಿಗೆ ಒಮ್ಮೆ ಮಷಿನ್ನಿನ ಸೂಜಿ ಹೊಕ್ಕು ಗಾಯವಾಗಿತ್ತು. ಮಾಯ್ದ ಮೇಲೆ ಆ ಬೆರಳು ಮಡಚಲಿಲ್ಲ. ಪಂಪಾವತಿಯ ಬೆರಳಿಗೆ ಏನೂ ಆಗಿಲ್ಲ. ಆದರೆ ಹುಟ್ಟಿದಾಗಿನಿಂದ ಆ ಮಾತನ್ನು ಅವಳು ಕಂಡದ್ದು ಅವ್ವನ ಕೈಯಲ್ಲೇ. ಗಾಯವಾವುದು ಮಾತಾವುದು ಎಂದು ಮಗುವಿಗೆ ಹೇಗೆ ಗೊತ್ತಾಗಬೇಕು? ಅದು ಹಾಗೇ ಕಲಿತಿತ್ತು.

“ಇನ್ನೊಮ್ಮೆ ಹಾಕ್ತೀಯೇನವ್ವ?” ಅಂದ. ತಸ್ಲೀಮಾ ಹಾಕಿದಳು. ಅವನು ಇನ್ನೊಮ್ಮೆ ಕೇಳಿದ. ಅವಳು ಮತ್ತೂ ಹಾಕಿದಳು, ಏಕೆ ಎಂದು ಕೇಳಲಿಲ್ಲ.

“ಇದನ್ನ ನನಗೆ ಕೊಡಾಕ ಬರ್ತೈತೇನು?”

“ಇಲ್ಲಣ್ಣ. ಮಕ್ಕಳ ಕೈ ಯಾರಿಗೂ ಕೊಡೋ ಹಂಗಿಲ್ಲ, ಅಪ್ಪ ಅವ್ವಗೂ ಇಲ್ಲ. ಪರೀಕ್ಷೆ ಮುಗಿದ ಮೇಲೆ ಎಲ್ಲಾ ಅಳಿಸಿಹೋಗ್ತದ.” ಅವಳು ಗೋಡೆಯ ಚುಕ್ಕಿಗಳ ಕಡೆ ನೋಡಿದಳು. “ಆದ್ರ ಇನ್ನೊಂದು ದಾರಿ ಐತಿ. ಈ ಮಾತನ್ನ ಯಂತ್ರಕ್ಕೆ ಕಲಿಸಿಬಿಟ್ರೆ ಅದಕ್ಕೆ ಇದು ಗದ್ದಲ ಅಲ್ಲ, ಭಾಷೆ ಅಂತ ತಿಳೀತದ. ಆಮೇಲೆ ಜುಂ ಅನ್ನಂಗಿಲ್ಲ, ಪಾಠಕ್ಕೂ ಅಡ್ಡ ಬರಂಗಿಲ್ಲ. ಕಲಿಸೋಕೆ ದೊಡ್ಡವರು ಯಾರಾದ್ರೂ ಬೇಕು. ಒಂದೊಂದು ಮಾತೂ ಹಲವು ಸಲ ಮಾಡಿ ತೋರಿಸಬೇಕು, ಅರ್ಥ ಹೇಳಬೇಕು. ನಿಮಗೆ ಬರ್ತದಲ್ಲ?”

“ಹತ್ತು ವರ್ಷ ಆಕಿ ಜೋಡಿ ಅದೇ ಮಾತಾಡೀನವ್ವ,” ಅಂದ ಹೊನ್ನೂರಸ್ವಾಮಿ.

ಭಾನುವಾರಗಳಂದು ಅಪ್ಪ ಮಗಳು ಕೇಂದ್ರಕ್ಕೆ ಹೋಗತೊಡಗಿದರು. ಹೊನ್ನೂರಸ್ವಾಮಿಯ ದಪ್ಪ ಮುಂಗೈಗೆ ದೊಡ್ಡವರ ಪಟ್ಟಿ ಕಟ್ಟಿದರು. ಅವನು ಒಂದೊಂದೇ ಮಾತನ್ನು ನೆನಪಿಸಿಕೊಂಡು ಕೈಯಾಡಿಸುವನು. ನೀರು, ಬೆಂಕಿ, ಅತ್ತೆ, ಸಿಟ್ಟು, ಕರೆಂಟು ಹೋಯಿತು, ಬೇಗ ಬಾ. ಯಂತ್ರ ಅದನ್ನು ಪಂಪಾವತಿಯ ಹಳೆಯ ಸಂಜ್ಞೆಗಳ ಜೊತೆ ಹೋಲಿಸಿ ನೋಡುವುದು. ಪರದೆಯ ಮೇಲೆ ಒಂದೇ ಉತ್ತರ: ಹೊಂದಿಕೆಯಾಗುತ್ತಿಲ್ಲ.

ಮೊದಲ ವಾರ ಯಂತ್ರ ಸರಿಯಿಲ್ಲ ಅಂದುಕೊಂಡ. ಎರಡನೆಯ ಭಾನುವಾರವೂ ಹಾಗೇ ಆಯಿತು. ತಸ್ಲೀಮಾ ಎರಡು ಕೈಗಳನ್ನೂ ಪಕ್ಕಪಕ್ಕದಲ್ಲಿ ಪರದೆಯ ಮೇಲೆ ಹಾಕಿದಳು, ಹಸಿರು ಗೆರೆಯ ಮಗಳ ಕೈ, ಕೆಂಪು ಗೆರೆಯ ಅಪ್ಪನ ಕೈ. ಒಂದೇ ಮಾತು. ಮಗಳ ಕೈ ನೀರಿನಲ್ಲಿ ಆಡಿದಂತೆ ಆಡುತ್ತಿತ್ತು. ಅವನದು ಕತ್ತರಿ ಹಿಡಿದ ಕೈ, ಮಧ್ಯೆ ಮಧ್ಯೆ ತಡೆದು ನಿಲ್ಲುತ್ತಿತ್ತು. ಬೆರಳು ಬೇಡದ ಕಡೆ ಮಡಚುತ್ತಿತ್ತು, ಮಣಿಕಟ್ಟು ತಿರುಗಬೇಕಾದಲ್ಲಿ ತಿರುಗುತ್ತಿರಲಿಲ್ಲ. ಹೊನ್ನೂರಸ್ವಾಮಿ ಪರದೆಯನ್ನೇ ನೋಡುತ್ತಾ ಕೂತ. ಹತ್ತು ವರ್ಷ ಅವನು ಆ ಮಾತನ್ನು ಹೀಗೆ ತೊದಲಿಕೊಂಡೇ ಆಡಿದ್ದ. ಹುಲಿಗೆಮ್ಮ ಒಂದು ಸಲವೂ ತಿದ್ದಿರಲಿಲ್ಲ. ಅವನು ತಪ್ಪಾಗಿ ಅಂದದ್ದನ್ನೆಲ್ಲ ಸರಿಯಾಗಿ ತಿಳಿದುಕೊಂಡು, ಕತ್ತು ಕುಣಿಸಿ, ನಕ್ಕು, ಅವನ ಮಾತು ತನಗೆ ಸಲೀಸಾಗಿ ಅರ್ಥವಾಗುತ್ತದೆ ಎಂದು ಅವನನ್ನು ನಂಬಿಸಿಬಿಟ್ಟಿದ್ದಳು. ಅವಳಿದ್ದಿದ್ದರೆ ಈಗಲೇ ಓಡಿಹೋಗಿ ಕೇಳಬಹುದಿತ್ತು, ಯಾಕೆ ಹೇಳಲಿಲ್ಲವೆಂದು. ಬರೀ ಅಷ್ಟನ್ನು ಕೇಳಲಿಕ್ಕೆ ಅವಳು ಬೇಕಾಗಿತ್ತು.

“ಇನ್ನೊಮ್ಮೆ ಮಾಡ್ರಿ ಅಣ್ಣ,” ಅಂದಳು ತಸ್ಲೀಮಾ.

ಅವನು ‘ಸಿಟ್ಟು’ ಎಂದು ಮಾಡಿದ. ಸೂಜಿ ಚುಚ್ಚಿದ ಬೆರಳನ್ನು ಒದರಿದಂತೆ.

“ಅದಲ್ಲಪ್ಪ,” ಎಂಬ ದನಿ ಮೂಲೆಯಿಂದ ಬಂತು. ಪಂಪಾವತಿ ಕಿಟಕಿಯ ಹತ್ತಿರ ಕೂತು ಮನೆಪಾಠ ಮಾಡುತ್ತಿದ್ದಳು. “ಅದು ಸಿಟ್ಟಲ್ಲ. ನೀನು ಮಾಡಿದ್ದು ಖಾರ.”

“ಖಾರ ಹಿಂಗ ಅಲ್ಲೇನು?” ಅವನು ಇನ್ನೊಂದು ರೀತಿ ಒದರಿದ.

“ಅಯ್ಯೋ, ಅದು ಏನೂ ಅಲ್ಲ!” ಹುಡುಗಿಗೆ ನಗು ತಡೆಯಲಾಗಲಿಲ್ಲ. ಎದ್ದು ಬಂದಳು. ಅವನ ಬೆರಳುಗಳನ್ನು ಹಿಡಿದು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. ಆ ದೊಡ್ಡ ಬೆರಳುಗಳು ಅವಳು ಹೇಳಿದ ಹಾಗೆ ಕೇಳಲಿಲ್ಲ. “ಕಿರುಬೆರಳು ಮಡಚಬಾರದು ಅಪ್ಪ. ಅದು ಯಾವಾಗ್ಲೂ ನೆಟ್ಟಗ ನಿಂತಿರಬೇಕು. ಹಿಂಗಲ್ಲ, ಇಲ್ಲಿ ನೋಡು...”

ಕೈಯೆತ್ತಿದಳು. ಅರ್ಧಕ್ಕೆ ಬಂದ ಕೈ ನಿಂತಿತು. ಮುಖದ ಮೇಲಿನ ನಗು ಹಾಗೇ ಆರಿತು. ಅವಳ ಮುಂಗೈಯಲ್ಲಿ ಪಟ್ಟಿ ಇರಲಿಲ್ಲ, ತಸ್ಲೀಮಾ ಅವಳು ಬಂದ ಕೂಡಲೇ ಬಿಚ್ಚಿಟ್ಟಿದ್ದಳು. ಆದರೂ ಅವಳ ಕಣ್ಣು ಮುಂಗೈಯನ್ನೇ ನೋಡುತ್ತಿತ್ತು, ಜುಂ ಎನ್ನುವುದನ್ನು ಕಾಯುವಂತೆ. ತಸ್ಲೀಮಾ ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿದಳು. ಹೊನ್ನೂರಸ್ವಾಮಿ ತನ್ನ ಒರಟು ಅಂಗೈಯನ್ನು ಮೆಲ್ಲಗೆ ಮಗಳ ಮುಂಗೈಯ ಕೆಳಗೆ ಇಟ್ಟು, ಅದನ್ನು ಎತ್ತದೆ, ಎಳೆಯದೆ, ಸುಮ್ಮನೆ ಹಿಡಿದ.

“ಅಂತೈತೇನು?” ಎಂದು ಕೇಳಿದ.

“ಅಂತೈತಿ.”

“ಅನ್ಲಿ ಬಿಡು. ನಾನು ಹಿಡಕೊಂಡೀನಲ್ಲ.”

ಪಂಪಾವತಿಯ ಬೆರಳುಗಳು ಆ ಅಂಗೈಯ ಮೇಲೆಯೇ ಆಡಿದವು. ನಿಧಾನವಾಗಿ, ಜ್ವರ ಬಿಟ್ಟು ಎದ್ದವರು ಮೊದಲ ಹೆಜ್ಜೆ ಇಟ್ಟ ಹಾಗೆ. ‘ಸಿಟ್ಟು.’ ಆಮೇಲೆ ಕೈ ಅಪ್ಪನ ಅಂಗೈ ಬಿಟ್ಟು ಮೇಲೆದ್ದಿತು. ‘ಖಾರ.’ ‘ಬಿಸಿ.’ ‘ಬೇಗ ಬಾ.’ ಕಿರುಬೆರಳು ನೆಟ್ಟಗೆ ನಿಂತಿತ್ತು.

ಅಲ್ಲಿಂದ, ಜುಂ ಎನ್ನದ ಪಟ್ಟಿಯೊಂದನ್ನು ಕಟ್ಟಿಕೊಂಡು, ಕಲಿಸುವವಳು ಪಂಪಾವತಿಯಾದಳು. ಅರ್ಥ ಹೇಳುವುದಷ್ಟೇ ಹೊನ್ನೂರಸ್ವಾಮಿಯ ಕೆಲಸ. ದೊಡ್ಡವರೇ ಕಲಿಸಬೇಕೆಂಬ ನಿಯಮ ಏನಾಯಿತೆಂದು ಅವನು ಕೇಳಿದ್ದಕ್ಕೆ ತಸ್ಲೀಮಾ, “ನೀವು ಪಕ್ಕದಾಗ ಕೂತೀರಲ್ಲಣ್ಣ, ಸಾಕು,” ಅಂದಳು. ಎಲ್ಲ ಮಾತುಗಳೂ ಸಿಗಲಿಲ್ಲ. ಪಂಪಾವತಿಗೆ ಮರೆತದ್ದು ಕೆಲವು, ಅವನಿಗೆ ಮೊದಲೇ ಗೊತ್ತಿಲ್ಲದ್ದು ಕೆಲವು. ‘ನಾಳಿದ್ದು’ ಎನ್ನುವುದಕ್ಕೆ ಹುಲಿಗೆಮ್ಮ ಏನು ಮಾಡುತ್ತಿದ್ದಳೆಂದು ಇಬ್ಬರೂ ಅರ್ಧ ಗಂಟೆ ಕೈ ತಿರುಗಿಸಿ ತಿರುಗಿಸಿ ನೋಡಿದರು. ಭುಜದ ಹತ್ತಿರ ಏನೋ ಇತ್ತು ಎಂಬಲ್ಲಿಗೆ ಇಬ್ಬರ ನೆನಪೂ ನಿಲ್ಲುತ್ತಿತ್ತು. ಅದು ಹೋಯಿತು. ಇನ್ನು ಕೇಳಲು ಯಾರೂ ಇರಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಯಂತ್ರ ಒಪ್ಪಿಕೊಂಡಿತು. ಪಂಪಾವತಿಯ ಪಟ್ಟಿ ಈಗ ಹುಲಿಗೆಮ್ಮನ ಮಾತನ್ನು ಕಂಡರೆ ತಾನು ಸುಮ್ಮನಾಗುತ್ತಿತ್ತು. ಶಾಂತಹಸ್ತ ಬೇಡವೆಂದವರಿಗೆ ಅದನ್ನು ತೆಗೆದುಹಾಕಬಹುದು ಎಂಬ ಆಜ್ಞೆಯೂ ಆಮೇಲೆ ಬಂತು. ಅದಕ್ಕೆ ಸುಭದ್ರಾ ಟೀಚರ್ ಮೇಲಿನವರಿಗೆ ಬಿಡದೆ ಹೇಳಿದ್ದೂ ಒಂದು ಕಾರಣ. ಹಾಗೆಂದು ಎಲ್ಲ ಮೊದಲಿನಂತಾಗಲಿಲ್ಲ. ಶಾಲೆಯಲ್ಲಿ ಪಂಪಾವತಿಯ ಕೈ ಇನ್ನೂ ಮೇಜಿಗೆ ಅಂಟಿಕೊಂಡೇ ಇರುತ್ತಿತ್ತು. ಮನೆಯಲ್ಲಿ ಕೆಲವು ಸಂಜೆ ಮಾತಾಡುವಳು, ಕೆಲವು ಸಂಜೆ ಇಲ್ಲ. ಹೊನ್ನೂರಸ್ವಾಮಿ ತಾನಾಗಿ ಕೇಳುತ್ತಿರಲಿಲ್ಲ. ಕೈ ಎದ್ದ ದಿನ ಎದ್ದಷ್ಟು.

ಕೊನೆಯ ಭಾನುವಾರ ಕೇಂದ್ರದಿಂದ ಹೊರಬಂದಾಗ ಮಧ್ಯಾಹ್ನ. ತಸ್ಲೀಮಾ ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟಿದ್ದಳು. ಇಬ್ಬರಿಗೂ ಹಸಿವಾಗಿತ್ತು. ಗಾಡಿಯೊಂದರ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತರು. ಎದುರಿಗೆ ಕೋಟೆಗುಡ್ಡದ ಬಂಡೆಗಳು ಬಿಸಿಲಿಗೆ ಕಾದಿದ್ದವು. ಪಂಪಾವತಿ ಮಿರ್ಚಿಯ ತುದಿ ಕಚ್ಚಿ ಉಸ್ ಎಂದು ಗಾಳಿ ಎಳೆದುಕೊಂಡಳು. ಎರಡು ಮೂರು ತುತ್ತು ತಿಂದವಳು ಪೊಟ್ಟಣವನ್ನು ಪಕ್ಕಕ್ಕಿಟ್ಟಳು.

“ಅಪ್ಪ.”

“ಹೂಂ.”

“ನೆನಪಾಗೋದಕ್ಕ ಅವ್ವ ಏನಂತಿದ್ಲು?”

“ನೆನಪಾಗೋದು ಅಂದ್ರ?”

“ಯಾರಾದ್ರೂ ಇಲ್ದಾಗ ನೆನಪಾಗ್ತೈತಲ್ಲ. ನೋಡ್ಬೇಕು ಅನಿಸ್ತೈತಲ್ಲ. ಅದಕ್ಕ.”

ಹೊನ್ನೂರಸ್ವಾಮಿ ಯೋಚಿಸಿದ. ಹುಲಿಗೆಮ್ಮ ಹಾಗೆ ಹೇಳಿದ್ದು ಒಂದು ಸಲವೂ ನೆನಪಿಗೆ ಬರಲಿಲ್ಲ. ಯೂನಿಟ್ಟಿನಲ್ಲಿ ಎದುರೆದುರಿಗೆ ಇರುತ್ತಿದ್ದರು, ಸಂಜೆ ಒಟ್ಟಿಗೆ ಮನೆಗೆ ಬರುತ್ತಿದ್ದರು, ಮಗಳು ಇಬ್ಬರ ನಡುವೆ ಮಲಗುತ್ತಿದ್ದಳು. ಮೂವರೂ ಯಾವತ್ತೂ ಒಬ್ಬರನ್ನೊಬ್ಬರು ಬಿಟ್ಟು ದೂರ ಇದ್ದದ್ದೇ ಇಲ್ಲ.

“ಆ ಮಾತು ಇಲ್ಲ ಪಂಪಿ,” ಅಂದ. “ಆಕಿಗೆ ಅದು ಬೇಕಾಗಿರ್ಲಿಲ್ಲ.”

ಹುಡುಗಿ ಗುಡ್ಡದ ಕಡೆಗೆ ತಿರುಗಿದಳು. ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು. ಆಮೇಲೆ ಕೈಯ ಎಣ್ಣೆಯನ್ನು ಕಾಗದಕ್ಕೆ ಒರೆಸಿ ಎದ್ದು ನಿಂತಳು. ಅಂಗೈಯನ್ನು ಅಗಲಿಸಿ ಮುಂದಕ್ಕೆ ಚಾಚಿದಳು. ಎದುರಿಗೆ ಯಾರೋ ನಿಂತಿದ್ದು, ಅವರ ಸೊಂಟಕ್ಕೆ ಕೈ ಇಟ್ಟು ಒರಗಿದ ಹಾಗೆ, ಅಷ್ಟೇ ಎತ್ತರದಲ್ಲಿ. ಅಲ್ಲಿ ಒಂದು ಕ್ಷಣ ಗಾಳಿಯನ್ನು ಒತ್ತಿದಳು. ಮತ್ತೆ ಕೈಯನ್ನು ತನ್ನ ಕ‌ಡೆಗೆ ತಂದುಕೊಂಡು, ಖಾಲಿ ಅಂಗೈಯನ್ನು ನೋಡಿ, ಬೆರಳುಗಳನ್ನು ಮೆಲ್ಲಗೆ ಮುಚ್ಚಿದಳು.

“ಹಿಂಗ ಅಂದ್ರ ಆಗ್ತೈತೇನಪ್ಪ?”

ಹೊನ್ನೂರಸ್ವಾಮಿಯೂ ಕಟ್ಟೆಯಿಂದ ಇಳಿದು ಅವಳ ಪಕ್ಕ ನಿಂತ. ಮೊಣಕೈ ಎತ್ತಿ, ಅಂಗೈ ಅಗಲಿಸಿ, ಹುಲಿಗೆಮ್ಮನ ಭುಜ ಎಷ್ಟು ಎತ್ತರಕ್ಕಿತ್ತೋ ಅಲ್ಲಿಗೆ ಕೈ ಚಾಚಿ, ಆ ಹೊಸ ಮಾತನ್ನು ಆಡಿದ.